ಮಲಗಿದವರನ್ನು ಎಬ್ಬಿಸಿ ಕೂರಿಸುವುದು, ನಮ್ಮ ಸೊಂಟ ಉಳಿಸಿಕೊಂಡು

"ಸಿಸ್ಟರ್, ಅಪ್ಪನ್ನ ಎತ್ತೋಕೆ ಆಗ್ತಿಲ್ಲ. ಒಂದ್ಸಲ ಬಂದು ತೋರಿಸಿಕೊಡ್ತೀರಾ?" ತುಮಕೂರಿನಲ್ಲಿ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಹೀಗೇ ಶುರುವಾಗುತ್ತವೆ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿ ರಿಟೈರ್ ಆದವಳು. ಲಕ್ವ ಹೊಡೆದವರು, ಸೊಂಟದ ಮೂಳೆ ಆಪರೇಷನ್ ಆದವರು ಇರುವ ಮನೆಗಳಿಗೆ ಹೋಗಿ, ಮನೆಯವರಿಗೆ ಪೇಷಂಟನ್ನು ನೋಡಿಕೊಳ್ಳುವುದು ಹೇಗೆ ಅಂತ ಕಲಿಸುತ್ತೇನೆ. ನನ್ನ ಎತ್ತರ ಐದಡಿಗೂ ಕಡಿಮೆ. ತೂಕ ಐವತ್ತು ಕೆಜಿ ಆಸುಪಾಸು. ಇಂಥವಳು 80 ಕೆಜಿಯ ಮೇಷ್ಟ್ರನ್ನು ಒಬ್ಬಳೇ ಮಂಚದಿಂದ ವೀಲ್‌ಚೇರಿಗೆ ಕೂರಿಸಿದಾಗ, ಜಿಮ್‌ಗೆ ಹೋಗುವ ಅವರ ಮಗ ಬಾಯಿ ಬಿಟ್ಟುಕೊಂಡು ನೋಡುತ್ತಾನೆ. ಇದರಲ್ಲಿ ತೋಳ್ಬಲ ಏನೂ ಇಲ್ಲ. ನಾನು ಅವರನ್ನು ಎತ್ತುವುದೇ ಇಲ್ಲ. ಉರುಳಿಸುತ್ತೇನೆ, ಸರಿಸುತ್ತೇನೆ, ಮುಂದಕ್ಕೆ ಬಾಗಿಸುತ್ತೇನೆ. ಉಳಿದದ್ದನ್ನು ಅವರ ಕೈಯಲ್ಲೇ ಮಾಡಿಸುತ್ತೇನೆ.

ಎತ್ತಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಇದೆ. ಬೆನ್ನನ್ನು ನೆಟ್ಟಗೆ ಹಿಡಿದಿಡುವ ಸ್ನಾಯುಗಳು ಬೆನ್ನುಮೂಳೆಯಿಂದ ಬರೀ 5-6 ಸೆಂ.ಮೀ. ಹಿಂದೆ ಇರುತ್ತವೆ. ನೀವು 20 ಕೆಜಿ ಭಾರವನ್ನು ಮೈಯಿಂದ 50 ಸೆಂ.ಮೀ. ಮುಂದೆ ಚಾಚಿ ಹಿಡಿದರೆ, ಆ ಸ್ನಾಯುಗಳು ಹತ್ತಿರ ಹತ್ತಿರ 200 ಕೆಜಿಯಷ್ಟು ಜಗ್ಗಬೇಕಾಗುತ್ತದೆ. ಆ ಒತ್ತಡವೆಲ್ಲ ಬಂದು ಬೀಳುವುದು ಸೊಂಟದ ಕೊನೆಯ ಎರಡು ಡಿಸ್ಕುಗಳ, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಗಳ ಮೇಲೆ. ಅದೇ ಭಾರವನ್ನು ಮೈಗೆ ಹತ್ತಿರ, 15 ಸೆಂ.ಮೀ.ಗೆ ತಂದರೆ 200 ಇದ್ದದ್ದು 60ಕ್ಕೆ ಇಳಿಯುತ್ತದೆ. ನಮ್ಮ ಹೆಂಗಸರು ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಒತ್ತಿಕೊಂಡು ತರುವುದು ಇದಕ್ಕೇ ಅಲ್ವಾ? ಕೈ ಚಾಚಿ ಹಿಡಿದು ಯಾರೂ ತರುವುದಿಲ್ಲ.

ಮನುಷ್ಯರ ಮೈ ಬಿಂದಿಗೆಗಿಂತ ಕಷ್ಟ. 70 ಕೆಜಿ ಮನುಷ್ಯನ ಒಂದು ಕಾಲೇ ಸುಮಾರು 11 ಕೆಜಿ ತೂಗುತ್ತದೆ. ಹಿಡಿಯೋಕೆ ಹಿಡಿಕೆ ಇಲ್ಲ. ಮಧ್ಯದಲ್ಲಿ ಹೆದರಿ ನಮ್ಮ ಕುತ್ತಿಗೆ ತಬ್ಬಿಕೊಳ್ಳುತ್ತಾರೆ. ಕೆಲಸ ಮಾಡುವವರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಷ್ ಸಂಸ್ಥೆಯ ಥಾಮಸ್ ವಾಟರ್ಸ್ 2007ರಲ್ಲಿ ಒಂದು ಮಿತಿ ಹೇಳಿದರು. ಎಲ್ಲ ಅನುಕೂಲ ಇದ್ದರೂ ಆರೈಕೆ ಮಾಡುವವರ ಮೇಲೆ 35 ಪೌಂಡ್, ಅಂದರೆ 16 ಕೆಜಿಗಿಂತ ಜಾಸ್ತಿ ಭಾರ ಬೀಳುವಂತಿದ್ದರೆ ಬರೀ ಕೈಯಲ್ಲಿ ಎತ್ತಬಾರದು, ಸಲಕರಣೆ ಬಳಸಬೇಕು ಅಂತ. 16 ಕೆಜಿ ಅಂದರೆ ನಾಲ್ಕೈದು ವರ್ಷದ ಮಗುವಿನ ತೂಕ. ದೊಡ್ಡವರನ್ನು ಒಬ್ಬರೇ ಎತ್ತುವ ಮಾತು ಅಲ್ಲಿಗೇ ಮುಗಿಯಿತು.

"ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಡಿ" ಅನ್ನುವ ಚಿತ್ರ ಎಲ್ಲರೂ ನೋಡಿರುತ್ತೀರಿ. ತಪ್ಪೇನಿಲ್ಲ, ಆದರೆ ಅಷ್ಟೇ ಸಾಲದು. ಆ ಚಿತ್ರದಲ್ಲಿ ಇರುವುದು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆ ಹೆದರುವುದಿಲ್ಲ.

ಮೊದಲು ಕೋಣೆ ನೋಡಿ

ಯಾವ ಮನೆಗೆ ಹೋದರೂ ನಾನು ಮೊದಲು ನೋಡುವುದು ಮಂಚವನ್ನು. ಸಾಮಾನ್ಯವಾಗಿ ಗೋಡೆಗೆ ಅಂಟಿಸಿಟ್ಟಿರುತ್ತಾರೆ, ಉರುಳಿ ಬೀಳಬಾರದು ಅಂತ. ಆಗ ಗೋಡೆ ಕಡೆಯ ಕೆಲಸವನ್ನೂ ಈ ಕಡೆಯಿಂದಲೇ ಬಗ್ಗಿ ಮಾಡಬೇಕಾಗುತ್ತದೆ. ಸೊಂಟ ಹಿಡಿಯುವುದು ಅಲ್ಲೇ. ಮಂಚವನ್ನು ಈಚೆ ಎಳೆಯಿರಿ. ಎರಡೂ ಕಡೆ ಒಬ್ಬರು ನಿಲ್ಲುವಷ್ಟು ಜಾಗ ಇರಲಿ.

ಕೆಳಗೆ ಸಾಮಾನು ತುಂಬುವ ಬಾಕ್ಸ್ ಮಂಚ ಇದ್ದರೆ ಇನ್ನೂ ತೊಂದರೆ. ನಮ್ಮ ಕಾಲ್ಬೆರಳು ಮಂಚದ ಕೆಳಗೆ ಹೋಗುವುದಿಲ್ಲ, ಹಾಗಾಗಿ ಮೈ ದೂರವೇ ಉಳಿಯುತ್ತದೆ. ಸಾಧ್ಯವಿದ್ದರೆ ಕಾಲಿರುವ ಮಂಚಕ್ಕೆ ಬದಲಾಯಿಸಿ. ಆಗದಿದ್ದರೆ ಪೇಷಂಟನ್ನು ಮಗ್ಗುಲು ತಿರುಗಿಸುವಾಗ ನಿಮ್ಮ ಒಂದು ಮಂಡಿಯನ್ನು ಹಾಸಿಗೆಯ ಮೇಲೆ ಊರಿ. ಹಾಸಿಗೆ ಕೊಳೆಯಾಗುತ್ತೆ ಅಂತ ಸಂಕೋಚ ಬೇಡ, ಬಟ್ಟೆ ಒಗೆಯಬಹುದು.

ಎತ್ತರ ಬಹಳ ಮುಖ್ಯ. ವೀಲ್‌ಚೇರಿನ ಸೀಟು ನೆಲದಿಂದ ಸುಮಾರು 50 ಸೆಂ.ಮೀ. ಎತ್ತರ ಇರುತ್ತದೆ. ಹಾಸಿಗೆ ಅದುಮಿದ ಮೇಲೂ ಮಂಚ ಅಷ್ಟೇ ಎತ್ತರ ಇದ್ದರೆ ಕೆಲಸ ಅರ್ಧ ಮುಗಿದಂತೆ. ತಗ್ಗಿನ ಮಂಚವಾದರೆ ಬಡಗಿಗೆ ಹೇಳಿ, ನಡುವೆ ಗುಳಿ ಇರುವ ನಾಲ್ಕು ಮರದ ಗಟ್ಟಿ ತುಂಡು ಮಾಡಿಸಿ. ಮಂಚದ ಕಾಲು ಗುಳಿಯೊಳಗೆ ಕೂರಬೇಕು. ಇಟ್ಟಿಗೆ ಪೇರಿಸಬೇಡಿ, ಜಾರುತ್ತದೆ. ಇಷ್ಟು ದಿನ ಚಾಪೆ ಮೇಲೆ ಮಲಗಿದವರು ಮಂಚ ಬೇಡ ಅಂತ ಹಟ ಮಾಡುತ್ತಾರೆ. ಮಾಡಲಿ. ನೆಲದಿಂದ ದಿನಾ ಎಬ್ಬಿಸುವುದು ಯಾರ ಕೈಲೂ ಆಗದ ಕೆಲಸ.

ಆಮೇಲೆ ಸಣ್ಣಪುಟ್ಟದ್ದು. ಕಾಲೊರೆಸುವ ಮ್ಯಾಟು ತೆಗೆಯಿರಿ. ಗ್ರಾನೈಟ್ ನೆಲದ ಮೇಲೆ ಸಾಕ್ಸ್ ಬೇಡ, ಇಬ್ಬರಿಗೂ. ಹವಾಯಿ ಚಪ್ಪಲಿಯೂ ಬೇಡ. ಬರಿಗಾಲು ಅಥವಾ ಹಿಂದೆ ಪಟ್ಟಿ ಇರುವ ಚಪ್ಪಲಿ ಆಗಬಹುದು. ವಾಚು, ಉಂಗುರ, ಗಾಜಿನ ಬಳೆ ತೆಗೆದಿಡಿ, ವಯಸ್ಸಾದವರ ಚರ್ಮ ಸುಮ್ನೆ ಮುಟ್ಟಿದರೂ ಕಿತ್ತು ಬರುತ್ತದೆ. ಎಣ್ಣೆ ಹಚ್ಚಿ ತಿಕ್ಕಿದ ಮೇಲೆ ಒರೆಸದೆ ಎಬ್ಬಿಸುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಬಿಸಿ ನೀರಿನ ಬಟ್ಟೆಯಲ್ಲಿ ಒರೆಸಿ, ನಿಮ್ಮ ಕೈಯನ್ನೂ ತೊಳೆದುಕೊಳ್ಳಿ. ಯೂರಿನ್ ಬ್ಯಾಗ್ ಇದ್ದರೆ ಹೋಗಬೇಕಾದ ಕಡೆಗೆ ಮೊದಲು ಅದನ್ನು ಸಾಗಿಸಿ. ಅದು ಹೊಟ್ಟೆಯ ಕೆಳಭಾಗಕ್ಕಿಂತ ತಗ್ಗಿನಲ್ಲೇ ಇರಬೇಕು.

ಇನ್ನು ಲುಂಗಿ. ಎದ್ದು ನಿಂತ ತಕ್ಷಣ ಅದು ಸಡಿಲವಾಗುತ್ತದೆ. ಯಜಮಾನರು ಆಧಾರ ಬಿಟ್ಟು ಎರಡೂ ಕೈಯಲ್ಲಿ ಲುಂಗಿ ಹಿಡಿಯುತ್ತಾರೆ. ಮಾನ ಉಳಿಯುತ್ತೆ, ಮಂಡಿ ಉಳಿಯಲ್ಲ. ಎಲಾಸ್ಟಿಕ್ ಇರುವ ಚಡ್ಡಿ ಅಥವಾ ಪೈಜಾಮ ಹಾಕಿಸಿ. ಹೆಂಗಸರಿಗೆ ಸೀರೆಗಿಂತ ನೈಟಿ ವಾಸಿ.

ದೂರ ನಿಂತು ಹಿಡಿಯುವ ಸಂಕೋಚ

ಇದನ್ನು ಆಸ್ಪತ್ರೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ಸೊಸೆ ಮಾವನನ್ನು ಎಬ್ಬಿಸಬೇಕು. ಅಳಿಯ ಅತ್ತೆಯನ್ನು ಕೂರಿಸಬೇಕು. ಮೈಗೆ ಮೈ ತಾಗಿಸೋಕೆ ಇಬ್ಬರಿಗೂ ಮುಜುಗರ. ಹಾಗಾಗಿ ಒಂದು ಮೊಳ ದೂರ ನಿಂತು ರಟ್ಟೆ ಹಿಡಿದು ಎಳೆಯುತ್ತಾರೆ. ಆ 50 ಸೆಂ.ಮೀ. ಲೆಕ್ಕ ಇಲ್ಲೇ ಬರುವುದು. ಎಷ್ಟೋ ಮನೆಗಳಲ್ಲಿ ಸೊಸೆಯ ಸೊಂಟ ಹೋಗಿರುವುದು ಮಾವನ ತೂಕದಿಂದಲ್ಲ, ಈ ದೂರದಿಂದ.

ಇದಕ್ಕೆ ಪರಿಹಾರ ಒಂದು ಬೆಲ್ಟು. ಸರ್ಜಿಕಲ್ ಅಂಗಡಿಯಲ್ಲಿ ಪೇಷಂಟಿನ ಸೊಂಟಕ್ಕೆ ಕಟ್ಟುವ, ಹಿಡಿಕೆ ಇರುವ ಬೆಲ್ಟ್ ಕೇಳಿ, ಗೈಟ್ ಬೆಲ್ಟ್ ಅನ್ನುತ್ತಾರೆ. ಬಟ್ಟೆಯ ಮೇಲೆ, ಎರಡು ಬೆರಳು ತೂರುವಷ್ಟು ಬಿಗಿಯಾಗಿ ಕಟ್ಟಬೇಕು. ಹೊಟ್ಟೆಯ ಆಪರೇಷನ್ ಆಗಿದ್ದರೆ, ಹೊಟ್ಟೆಗೆ ಟ್ಯೂಬ್ ಹಾಕಿದ್ದರೆ ಡಾಕ್ಟರನ್ನು ಕೇಳದೆ ಕಟ್ಟಬೇಡಿ. ಬೆಲ್ಟ್ ಹಿಡಿದರೆ ಕೈ ಎಲ್ಲೆಲ್ಲೋ ಹಾಕಬೇಕಾಗಿಲ್ಲ, ಆದರೆ ಹತ್ತಿರ ನಿಲ್ಲಬಹುದು. ಮಾವನವರಿಗೂ ಮುಜುಗರ ಕಡಿಮೆ. ಮಾಡುವ ಮೊದಲು ಬಾಯಿ ಬಿಟ್ಟು ಹೇಳಿ: "ಮಾವ, ಈಗ ಬೆಲ್ಟ್ ಹಿಡ್ಕೋತೀನಿ, ಮೂರು ಅಂದಾಗ ಏಳಿ."

ಮಗ್ಗುಲು ತಿರುಗಿಸುವುದು, ಮೇಲಕ್ಕೆ ಸರಿಸುವುದು

ಎಡಮಗ್ಗುಲಿಗೆ ತಿರುಗಿಸಬೇಕಾದರೆ ನೀವು ಅವರ ಎಡಗಡೆ ನಿಲ್ಲಿ. ಅವರ ಬಲ ಮಂಡಿ ಮಡಿಸಿ, ಪಾದ ಹಾಸಿಗೆಯ ಮೇಲೆ ಇರಲಿ. ಬಲಗೈ ಎದೆಯ ಮೇಲೆ ಬರಲಿ. ಎಡಗೈ ಮೈ ಕೆಳಗೆ ಸಿಕ್ಕಿಕೊಳ್ಳದಂತೆ ಆಚೆ ಸರಿಸಿ. ಮುಖ ನಿಮ್ಮ ಕಡೆ ತಿರುಗಿಸಲು ಹೇಳಿ. ಈಗ ನಿಮ್ಮ ಒಂದು ಕೈ ಅವರ ಬಲ ಹೆಗಲಿನ ಹಿಂದೆ, ಇನ್ನೊಂದು ಬಲ ಸೊಂಟದ ಹಿಂದೆ. ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟುಕೊಂಡು, ನಿಮ್ಮ ಮೈಭಾರವನ್ನು ಹಿಂದಿನ ಕಾಲಿಗೆ ಹಾಕಿ. ಅಷ್ಟೇ, ಅವರು ಉರುಳುತ್ತಾರೆ. ಕೈಯಿಂದ ಎಳೆಯಬೇಕಾಗಿಯೇ ಇಲ್ಲ. ಸೊಂಟದ ಕೀಲು ಬದಲಾಯಿಸಿದವರಾದರೆ ಎರಡು ಮಂಡಿಗಳ ನಡುವೆ ದಿಂಬು ಇಟ್ಟೇ ತಿರುಗಿಸಬೇಕು, ಯಾವ ಮಗ್ಗುಲು ಅಂತ ಡಾಕ್ಟರನ್ನು ಕೇಳಿಕೊಂಡು.

ತಲೆಯ ಕಡೆ ಎತ್ತರಿಸಿ ಕೂರಿಸಿದರೆ ಪೇಷಂಟ್ ಕೆಳಕ್ಕೆ ಜಾರುತ್ತಾ ಬರುತ್ತಾರೆ. ಆಗ ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಜಗ್ಗುವುದು ಎಲ್ಲ ಮನೆಯಲ್ಲೂ ಇರುವ ಅಭ್ಯಾಸ. ಲಕ್ವ ಹೊಡೆದ ಕಡೆಯ ಭುಜವನ್ನು ಹಿಡಿದಿಡುವ ಸ್ನಾಯುಗಳು ಸಡಿಲವಾಗಿರುತ್ತವೆ. ಹೀಗೆ ಜಗ್ಗಿದರೆ ಕೀಲು ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಇರುತ್ತದೆ. ಜೊತೆಗೆ ಬೆನ್ನಿನ ಚರ್ಮ ಹಾಸಿಗೆಗೆ ಉಜ್ಜಿ ಹುಣ್ಣಾಗುತ್ತದೆ.

ಬದಲಿಗೆ ಒಂದು ಬೆಡ್‌ಶೀಟ್ ಮಡಿಸಿ, ಹೆಗಲಿನಿಂದ ತೊಡೆಯವರೆಗೆ ಬರುವಂತೆ ಅಡ್ಡಲಾಗಿ ಹಾಸಿ. ವಾರ್ಡಿನಲ್ಲಿ ಇದನ್ನೇ ಡ್ರಾಶೀಟ್ ಅನ್ನುತ್ತೇವೆ. ಅದರ ಕೆಳಗೆ ಹಳೇ ನೈಲಾನ್ ಸೀರೆಯೊಂದನ್ನು ಎರಡು ಪದರ ಮಾಡಿ ಹಾಕಿದರೆ ಪದರದ ಮೇಲೆ ಪದರ ಜಾರಿ ಕೆಲಸ ಹಗುರಾಗುತ್ತದೆ. ಮಂಚದ ತಲೆಯ ಭಾಗ ಮಟ್ಟ ಮಾಡಿ. ದಿಂಬನ್ನು ತೆಗೆದು ತಲೆ ಹತ್ತಿರದ ಹಲಗೆಗೆ ಆನಿಸಿಡಿ, ತಲೆ ಬಡಿಯಬಾರದು. ಎರಡೂ ಕಡೆ ಒಬ್ಬೊಬ್ಬರು ನಿಂತು ಶೀಟಿನ ಅಂಚನ್ನು ಪೇಷಂಟಿನ ಮೈ ಹತ್ತಿರದವರೆಗೂ ಸುತ್ತಿ ಹಿಡಿಯಬೇಕು. ಅವರು ಗದ್ದ ಎದೆಗೆ ತಂದು, ಮಂಡಿ ಮಡಿಸಿ, ಹಿಮ್ಮಡಿ ಒತ್ತಬೇಕು. ಎಣಿಸಿ, ಮೂರಕ್ಕೆ ಇಬ್ಬರೂ ಮೈಭಾರವನ್ನು ತಲೆ ಕಡೆಯ ಕಾಲಿಗೆ ವರ್ಗಾಯಿಸಿ. ಆದ ಮೇಲೆ ಸೀರೆ ತೆಗೆಯಲೇಬೇಕು, ಇಲ್ಲದಿದ್ದರೆ ಪೇಷಂಟೇ ಮಂಚದಿಂದ ಜಾರುತ್ತಾರೆ. ಒಬ್ಬರೇ ಇದ್ದು, ಪೇಷಂಟಿನಿಂದ ಏನೂ ಸಹಾಯ ಇಲ್ಲ ಅಂದರೆ ಪಕ್ಕದ ಮನೆಯವರನ್ನು ಕೂಗಿ.

ಮಂಚದಿಂದ ವೀಲ್‌ಚೇರಿಗೆ

ಲಕ್ವ ಆದವರಿಗೆ ಕುರ್ಚಿಯನ್ನು ಗಟ್ಟಿ ಇರುವ ಕಡೆಗೆ ಇಡಿ, ಮಂಚಕ್ಕೆ ಸ್ವಲ್ಪ ಓರೆಯಾಗಿ, 30ರಿಂದ 45 ಡಿಗ್ರಿ. ಎರಡೂ ಬ್ರೇಕ್ ಹಾಕಿ. ಹಾಕಿದ ಮೇಲೆ ಕುರ್ಚಿಯನ್ನು ಒಮ್ಮೆ ತಳ್ಳಿ ನೋಡಿ. ಬಾಡಿಗೆ ಕುರ್ಚಿಗಳ ಟೈರು ಸವೆದು ಬ್ರೇಕ್ ಹಿಡಿಯದೇ ಇರುವುದು ಜಾಸ್ತಿ. ಫುಟ್‌ರೆಸ್ಟ್ ಮಡಚಿ. ಮಂಚದ ಕಡೆಯ ಕೈಹಿಡಿ ತೆಗೆಯಲು ಬರುವಂತಿದ್ದರೆ ತೆಗೆಯಿರಿ.

ಮೊದಲು ಕೂರಿಸಬೇಕು. ಅಂಗಾತ ಮಲಗಿದವರ ಕುತ್ತಿಗೆ ಹಿಡಿದು ನೇರವಾಗಿ ಎಬ್ಬಿಸಬೇಡಿ. ಮಗ್ಗುಲು ತಿರುಗಿಸಿ, ಎರಡೂ ಕಾಲುಗಳನ್ನು ಮಂಚದಿಂದ ಕೆಳಗೆ ಬಿಡಿ. ನಿಮ್ಮ ಒಂದು ಕೈ ಕೆಳಗಿನ ಹೆಗಲಿನ ಹಿಂದೆ, ಇನ್ನೊಂದು ಕೈ ಮೇಲಿನ ಸೊಂಟದ ಮೇಲೆ. "ಮೊಣಕೈ ಊರಿ, ಹಾಸಿಗೆ ಒತ್ತಿ" ಅನ್ನಿ. ಕಾಲಿನ ತೂಕ ಕೆಳಕ್ಕೆ ಇಳಿದಂತೆ ಮೈ ಮೇಲಕ್ಕೆ ಬರುತ್ತದೆ. ಆಗಲೇ ಹೇಳಿದೆನಲ್ಲ, ಒಂದೊಂದು ಕಾಲೂ 11 ಕೆಜಿ. ಆ ತೂಕವನ್ನೇ ದುಡಿಸಿಕೊಳ್ಳಿ.

ಕೂರಿಸಿ ಎರಡು ನಿಮಿಷ ಸುಮ್ಮನಿರಿ. ಬಹಳ ದಿನ ಮಲಗಿದವರಿಗೆ, ಬಿಪಿ ಮಾತ್ರೆ ತಗೊಳ್ಳುವವರಿಗೆ ಎದ್ದ ಕೂಡಲೇ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಮುಖ ಬಿಳಿಚಿಕೊಂಡರೆ, ಬೆವರಿದರೆ ಮತ್ತೆ ಮಲಗಿಸಿ. ಇವತ್ತು ವೀಲ್‌ಚೇರ್ ಬೇಡ.

ಎಲ್ಲ ಸರಿ ಇದ್ದರೆ ಮುಂದಿನ ಕೆಲಸ. ಅವರನ್ನು ಮಂಚದ ಅಂಚಿನವರೆಗೆ ಮುಂದೆ ತನ್ನಿ, ಒಂದು ಸಲ ಎಡಕ್ಕೆ ವಾಲಿಸಿ ಬಲಭಾಗ ಮುಂದೆ, ಆಮೇಲೆ ಬಲಕ್ಕೆ ವಾಲಿಸಿ ಎಡಭಾಗ ಮುಂದೆ. ಪಾದಗಳನ್ನು ಹಿಂದಕ್ಕೆ ತನ್ನಿ, ಮಂಡಿಯ ಕೆಳಗೇ ಅಥವಾ ಇನ್ನೂ ಒಂಚೂರು ಹಿಂದೆ. ಹಿಮ್ಮಡಿ ನೆಲಕ್ಕೆ ತಾಗಿರಲಿ. ನೀವು ಎದುರಿಗೆ ನಿಂತು, ಬಲ ಇಲ್ಲದ ಮಂಡಿಗೆ ನಿಮ್ಮ ಮಂಡಿಯನ್ನು ಆನಿಸಿ, ಮಡಚಿಕೊಳ್ಳದ ಹಾಗೆ. ನಿಮ್ಮ ಕಾಲು ಅಗಲಿಸಿ, ಒಂದು ಮುಂದೆ, ಒಂದು ಹಿಂದೆ. ಎರಡೂ ಕೈಯಲ್ಲಿ ಬೆಲ್ಟ್ ಹಿಡಿಯಿರಿ. ಅವರ ಗಟ್ಟಿ ಕೈ ಹಾಸಿಗೆಯ ಮೇಲೋ ಕುರ್ಚಿಯ ಆಚೆಗಿನ ಕೈಹಿಡಿಯ ಮೇಲೋ ಇರಲಿ. ನಿಮ್ಮ ಕುತ್ತಿಗೆಯ ಮೇಲಂತೂ ಖಂಡಿತ ಬೇಡ.

ಈಗ ನೋಡಿ, ಎಲ್ಲರೂ ತಪ್ಪುವ ಜಾಗ ಇದು. ಎಬ್ಬಿಸುವುದು ಅಂದರೆ ಮೇಲಕ್ಕೆ ಎಳೆಯುವುದು ಅಂದುಕೊಳ್ಳುತ್ತಾರೆ. ಅಲ್ಲ, ಮುಂದಕ್ಕೆ ತರುವುದು. ನೀವೇ ಈಗ ಕುರ್ಚಿಯಲ್ಲಿ ಕೂತು, ಮುಂದೆ ಬಾಗದೆ ಎದ್ದು ನೋಡಿ. ಆಗಲ್ಲ. ಪೇಷಂಟಿಗೂ ಅಷ್ಟೇ. "ಅಜ್ಜ, ಮೂಗು ಕಾಲ್ಬೆರಳಿನ ಮೇಲೆ ಬರಲಿ, ನನ್ನ ಹೆಗಲಿನ ಕಡೆ ಬಾಗಿ" ಅನ್ನಿ. ಮೂಗು ಅಲ್ಲಿಗೆ ಬಂದಾಗ ಅವರ ಭಾರ ಪಾದದ ಮೇಲೆ ಬಂದು ಸೊಂಟ ತಾನಾಗಿ ಹಾಸಿಗೆ ಬಿಡುತ್ತದೆ. ಒಂದು, ಎರಡು, ಮೂರು ಅಂತ ಲಯದಲ್ಲಿ ಹಿಂದೆ ಮುಂದೆ ತೂಗಿ, ಮೂರಕ್ಕೆ ನಿಮ್ಮ ಮೈಭಾರವನ್ನು ಹಿಂದಿನ ಕಾಲಿಗೆ ಹಾಕಿ. ಅವರು ಎದ್ದಿರುತ್ತಾರೆ. ಪೂರ್ತಿ ನೆಟ್ಟಗೆ ನಿಲ್ಲದಿದ್ದರೂ ನಡೆಯುತ್ತದೆ, ಸೊಂಟ ಸೀಟಿನ ಎತ್ತರ ದಾಟಿದರೆ ಸಾಕು.

ತಿರುಗುವಾಗ ಪಾದ ಎತ್ತಿಟ್ಟು, ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗಿ. ಪಾದ ನೆಟ್ಟಲ್ಲೇ ಇಟ್ಟು ಸೊಂಟ ಮಾತ್ರ ತಿರುಚಿದರೆ ಡಿಸ್ಕಿಗೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಕುರ್ಚಿ ಅವರ ಮೀನಖಂಡಕ್ಕೆ ತಾಗಿದ ಮೇಲೆ ಮತ್ತೆ ಮುಂದಕ್ಕೆ ಬಾಗಿಸಿ, ನೀವು ಮಂಡಿ ಬಗ್ಗಿಸುತ್ತಾ ನಿಧಾನ ಕೂರಿಸಿ.

ಎರಡೂ ಕಾಲಿನ ಮೇಲೆ ಭಾರ ಹಾಕಲು ಆಗದವರಿಗೆ ಈ ವಿಧಾನ ಬೇಡ. ಕೂತಿರಲು ಆಗುವವರಾದರೆ, ಕೈಯಲ್ಲಿ ಬಲ ಇದ್ದರೆ, ಹಲಗೆ ಮಾಡಿಸಿ. ಪ್ಲೈವುಡ್ಡು, ಎರಡೂವರೆ ಅಡಿ ಉದ್ದ, ಒಂಬತ್ತು ಹತ್ತು ಇಂಚು ಅಗಲ, ಮುಕ್ಕಾಲು ಇಂಚು ದಪ್ಪ. ಅಂಚು ದುಂಡಾಗಿ, ಚೆನ್ನಾಗಿ ಉಜ್ಜಿ ವಾರ್ನಿಷ್ ಹೊಡೆಸಬೇಕು. ಒಂದು ತುದಿ ತೊಡೆಯ ಕೆಳಗೆ, ಇನ್ನೊಂದು ಕುರ್ಚಿಯ ಮೇಲೆ, ಅದರ ಮೇಲೆ ಸರಿದುಕೊಂಡು ಹೋಗುತ್ತಾರೆ. ಮೈಗೆ ಬಟ್ಟೆ ಇರಲೇಬೇಕು, ಬರೀ ಚರ್ಮ ಅಂಟುತ್ತದೆ. ಕೂರಲೂ ಆಗದವರಿಗೆ ಹೈಡ್ರಾಲಿಕ್ ಲಿಫ್ಟರ್ ಬಾಡಿಗೆಗೆ ಸಿಗುತ್ತದಾ ಅಂತ ಸರ್ಜಿಕಲ್ ಅಂಗಡಿಯಲ್ಲಿ ವಿಚಾರಿಸಿ.

ಬಿದ್ದರೆ

ಮಧ್ಯದಲ್ಲಿ ಕುಸಿದರೆ ತಡೆದು ನಿಲ್ಲಿಸೋಕೆ ಹೋಗಬೇಡಿ. ಇಬ್ಬರೂ ಬೀಳುತ್ತೀರಿ. ಕಾಲು ಅಗಲಿಸಿ, ಅವರನ್ನು ಮೈಗೆ ಒತ್ತಿಕೊಂಡು, ನಿಮ್ಮ ತೊಡೆಯ ಮೇಲಿಂದ ನೆಲಕ್ಕೆ ಜಾರಿಸಿ. ತಲೆ ಮಾತ್ರ ಬಡಿಯದಂತೆ ನೋಡಿಕೊಳ್ಳಿ.

ನೆಲದ ಮೇಲಿದ್ದಾರೆ ಅಂದರೆ ಅವಸರ ಏನೂ ಇಲ್ಲ. ತಲೆಗೆ ದಿಂಬು ಕೊಡುವ ಮೊದಲು ಕುತ್ತಿಗೆ, ಬೆನ್ನು ನೋಯುತ್ತಾ ಕೇಳಿ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಹತ್ತಿರ ಮೂಳೆ ಮುರಿದಿರಬಹುದು. ತಲೆಗೆ ಪೆಟ್ಟು, ಕುತ್ತಿಗೆ ನೋವು, ಮಂಪರು, ಕೈಕಾಲು ಜೋಮು ಇದ್ದರೂ ಅಷ್ಟೇ. ಅಲ್ಲಾಡಿಸಬೇಡಿ. 108ಕ್ಕೆ ಫೋನ್ ಮಾಡಿ, ಹೊದಿಸಿ, ಪಕ್ಕದಲ್ಲಿ ಕೂತಿರಿ.

ಏನೂ ಆಗಿಲ್ಲ, ಸ್ವಲ್ಪ ಬಲ ಇದೆ ಅಂದರೆ ಎರಡು ಗಟ್ಟಿ ಕುರ್ಚಿ ತನ್ನಿ. ಮಗ್ಗುಲಾಗಿ, ಮೊಣಕೈ ಊರಿ, ಆಮೇಲೆ ಅಂಬೆಗಾಲಿಗೆ ಬರಲಿ. ಒಂದು ಕುರ್ಚಿ ಮುಂದೆ ಇಡಿ, ಅದರ ಸೀಟಿನ ಮೇಲೆ ಕೈ ಊರಲಿ. ಗಟ್ಟಿ ಕಾಲಿನ ಪಾದ ಮುಂದೆ ಊರಿ ಒತ್ತಿ ಮೇಲೆ ಬರುತ್ತಿದ್ದಂತೆ ಇನ್ನೊಂದು ಕುರ್ಚಿಯನ್ನು ಹಿಂದಿನಿಂದ ಸರಿಸಿ ಕೂರಿಸಿ. ಹತ್ತು ನಿಮಿಷ ಹಿಡಿದರೂ ಪರವಾಗಿಲ್ಲ. ಕಾಲು ಸೋತು ಕೈಯಲ್ಲಿ ಬಲ ಇರುವವರು ಮೊದಲು ಮಣೆ, ಆಮೇಲೆ ತಗ್ಗಿನ ಸ್ಟೂಲು, ಆಮೇಲೆ ಮಂಚ ಅಂತ ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಏರಬಹುದು. ಎರಡೂ ಆಗದಿದ್ದರೆ ನಾಲ್ಕು ಜನ ಬರುವವರೆಗೆ ನೆಲದ ಮೇಲೇ ಕಂಬಳಿ ಹಾಸಿ ಇರಲಿ.

ಕಾರಿನ ವಿಷಯ ಸುಲಭ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಸೀಟಿನ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ. ಮೊದಲು ಹಿಂದು ಹಿಂದಾಗಿ ಕೂರಲಿ, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಕ್ಕೆ ತಿರುಗಿಸಿ. ಹೊರಡುವ ಮೊದಲು ಕವರ್ ಎಳೆದುಬಿಡಿ. ಲಿಫ್ಟ್ ಇಲ್ಲದ ಮನೆಯ ಮೆಟ್ಟಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಳಿಸುವುದನ್ನು ನೋಡಿದರೆ ನನ್ನ ಎದೆ ಧಸಕ್ ಅನ್ನುತ್ತದೆ. ಅದರ ಕಾಲು ಅಗಲವಾಗಿ ಮುರಿಯುತ್ತದೆ. ಮರದ ಕುರ್ಚಿ ಬಳಸಿ, ಎದೆಗೂ ತೊಡೆಗೂ ಪಂಚೆ ಕಟ್ಟಿ, ಕನಿಷ್ಠ ಮೂರು ಜನ ಇರಿ.

ನಿಮ್ಮ ಸೊಂಟ

ರಾತ್ರಿಯೆಲ್ಲ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ. ಹಾಗಾಗಿ ಬೆಳಗ್ಗೆ ಎದ್ದ ಮೊದಲ ಗಂಟೆ ಬಗ್ಗುವ ಕೆಲಸಕ್ಕೆ ಕೆಟ್ಟ ಹೊತ್ತು. ನಮ್ಮ ಮನೆಗಳಲ್ಲಿ ಡೈಪರ್ ಬದಲಿಸುವುದು, ಒರೆಸುವುದು, ಎಬ್ಬಿಸುವುದು ಎಲ್ಲ ನಡೆಯುವುದು ಆಗಲೇ. ಒದ್ದೆಯಾದ ಡೈಪರ್ ಕಾಯಿಸಬಾರದು, ಅದನ್ನು ಮಗ್ಗುಲು ತಿರುಗಿಸಿ ಮಾಡಿ ಮುಗಿಸಿ. ಕುರ್ಚಿಗೆ ಕೂರಿಸುವುದನ್ನು ಮಾತ್ರ ನೀವು ಕಾಫಿ ಕುಡಿದು ಸ್ವಲ್ಪ ಓಡಾಡಿದ ಮೇಲೆ ಇಟ್ಟುಕೊಳ್ಳಿ.

ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡರೆ ಸಾಕಲ್ವಾ ಅಂತ ಕೇಳುತ್ತಾರೆ. ಪೇಷಂಟಿಗೆ ಕಟ್ಟುವ ಬೆಲ್ಟಲ್ಲ, ನಾವು ಬಿಗಿದುಕೊಳ್ಳುವ ಅಗಲದ ಬೆಲ್ಟ್. ನೋವಿಲ್ಲದವರು ಅದನ್ನು ಕಟ್ಟಿಕೊಂಡರೆ ಪೆಟ್ಟಾಗುವುದಿಲ್ಲ ಅನ್ನುವುದಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂತ ನಿಯೋಷ್ 1994ರಲ್ಲೇ ಹೇಳಿದೆ. ಆ ದುಡ್ಡಿಗೆ ಮಂಚದ ಕಾಲಿಗೆ ಮರದ ತುಂಡು ಮಾಡಿಸಿ.

ಸೊಂಟ ಉಳುಕಿ ಬರೀ ಅಲ್ಲೇ ನೋಯುತ್ತಿದ್ದರೆ ದಿನಗಟ್ಟಲೆ ಮಲಗಬೇಡಿ, ಭಾರದ ಕೆಲಸ ಬಿಟ್ಟು ಮೆಲ್ಲಗೆ ಓಡಾಡಿಕೊಂಡಿರಿ. ನೋವು ಮಂಡಿಯಿಂದ ಕೆಳಕ್ಕೆ ಇಳಿದರೆ, ಪಾದ ಎತ್ತಲು ಆಗದಿದ್ದರೆ ಡಾಕ್ಟರಿಗೆ ತೋರಿಸಿ. ತೊಡೆಗಳ ನಡುವೆ ಜೋಮು ಹಿಡಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಾಗದೆ ಹೋದರೆ ನಾಳೆ ನೋಡೋಣ ಅನ್ನಬೇಡಿ. ಅಪ್ಪನ ಪಕ್ಕ ಯಾರನ್ನಾದರೂ ಕೂರಿಸಿ, ಅವತ್ತೇ ಆಸ್ಪತ್ರೆಗೆ ಹೋಗಿ.